ಕೊಂಡಿ ಕಥೆ, ಭಾಗ 4: ದರೋಜಿ ಲೈನಲ್ಲಿ ಚೈನ್ ಎಲ್ಲಿತ್ತು?

ದರೋಜಿ ಅಂದ್ರೆ ಎಲ್ರಿಗೂ ಕರಡಿ, ನಂಗೆ ಗೂಡ್ಸ್ ಗಾಡಿ. 🚂

1884ರಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ ಹಾಕಿದ್ದು ಮೀಟರ್ ಗೇಜ್. ಮಾಡೆಲ್ ಮಾಡೋರು ಹಳೇ ವ್ಯಾಗನ್ ಅಂದಕೂಡ್ಲೆ ಮೂರು ಕೊಂಡಿಯ ಚೈನ್ ಹಾಕ್ತಾರೆ. ಅದು ಇಂಗ್ಲೆಂಡಿನ ರೂಢಿ. ನಮ್ಮ ಮೀಟರ್ ಗೇಜಲ್ಲಿ ನಟ್ಟನಡುವೆ ಒಂದೇ ಬಫರ್, ಅದ್ರಲ್ಲೇ ಕೊಕ್ಕೆ.

ಮಾಡೆಲ್ಲಿಗೆ ಚೈನ್ ಮಾಡೋದು ಸುಲಭ: ತಾಮ್ರದ ತಂತಿ ದಬ್ಬಣಕ್ಕೆ ಸುತ್ತಿ, ಕತ್ತರಿಸಿ, ಉಂಗುರ ಜೋಡಿಸಿದ್ರಾಯ್ತು. ಅಸಲಿ ವ್ಯಾಗನ್ ಜೋಡಿಸೋ ಕೆಲ್ಸದಲ್ಲಿ ಮಾತ್ರ ಎಷ್ಟೋ ಆಳುಗಳು ಬಫರ್ ನಡುವೆ ಸಿಕ್ಕಿ ಸತ್ತಿದಾರೆ. ಅಮೆರಿಕದಲ್ಲೂ ಇದೇ ಗೋಳು. ಅಲ್ಲಿ ಈಲೈ ಜ್ಯಾನಿ 1873ರಲ್ಲಿ ತಾನೇ ಲಾಕ್ ಆಗೋ ಕಪ್ಲರ್‌ಗೆ ಪೇಟೆಂಟ್ ಪಡೆದ. ಅಂಥದ್ದೇ ಹಾಕ್ಬೇಕು ಅಂತ ಕಾನೂನು ಬರೋಕೆ 1893 ಆಯ್ತು. ಇಪ್ಪತ್ತು ವರ್ಷ!

ಈಗ ತೋರಣಗಲ್ ಕಡೆ ಅದಿರು ಹೊರೋ ವ್ಯಾಗನ್ನಿಗೆ ಇರೋದು ಅದೇ ವಂಶದ ಕಪ್ಲರ್. ಗೇಟ್ ಹಾಕಿದಾಗ ನೋಡ್ರಿ, ಮಡಚಿದ ಬೆರಳಿನ ಥರ ಕಾಣುತ್ತೆ.