ತುಪ್ಪದಲ್ಲಿ ಅಡಗಿದ್ದ ಆಮ್ಲ

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಂಥ ಊರುಗಳಲ್ಲಿ ಹಸು ಸಾಕಿದವರನ್ನು ಕೇಳಿ ನೋಡಿ. ಮಳೆ ಬಿದ್ದು ಬದುಗಳಲ್ಲಿ ಹಸಿರು ಮೇವು ಚಿಗುರಿದಾಗ ಬೆಣ್ಣೆಗೆ ಬರುವ ಹಳದಿ ಬಣ್ಣ, ಬೇಸಿಗೆಯಲ್ಲಿ ಒಣಹುಲ್ಲು ತಿಂದಾಗ ಬರುವುದಿಲ್ಲ ಎನ್ನುತ್ತಾರೆ. ಹಸಿರು ಮೇವಿನ ಕೆರೋಟಿನ್ ಇದಕ್ಕೆ ಕಾರಣ. ಆದರೆ ಮೇವಿನೊಂದಿಗೆ ಕಣ್ಣಿಗೆ ಕಾಣದ ಇನ್ನೊಂದು ವಸ್ತುವೂ ಬದಲಾಗುತ್ತದೆ. ಅದು ಕ್ಯಾನ್ಸರನ್ನು ತಡೆಯಬಹುದೇ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ದಶಕಗಳಿಂದ ಕಾಡಿದೆ.

ಬೇಸಿಗೆಯ ಬೆಣ್ಣೆ, ಚಳಿಗಾಲದ ಬೆಣ್ಣೆ

1935ರಲ್ಲಿ ಬ್ರಿಟನ್ನಿನ ಬೂತ್, ಕಾನ್ ಮತ್ತು ಸಂಗಡಿಗರು ಬೆಣ್ಣೆಯ ಮೇದಾಮ್ಲಗಳ ಮೂಲಕ ನೇರಳಾತೀತ ಬೆಳಕನ್ನು ಹಾಯಿಸಿದರು. ಚಳಿಗಾಲ ಕಳೆದು ಹಸುಗಳನ್ನು ಹುಲ್ಲುಗಾವಲಿಗೆ ಬಿಟ್ಟ ಮೇಲೆ ಸಿಕ್ಕ ಬೆಣ್ಣೆಯು 230 ನ್ಯಾನೋಮೀಟರ್ ಸುಮಾರಿನ ಬೆಳಕನ್ನು ಹೆಚ್ಚಾಗಿ ಹೀರುತ್ತಿತ್ತು. ಅಕ್ಕಪಕ್ಕದಲ್ಲಿ, ನಡುವೆ ಒಂದೇ ಒಂಟಿ ಬಂಧವಿರುವಂತೆ, ಎರಡು ದ್ವಿಬಂಧಗಳಿರುವ ಮೇದಾಮ್ಲದ ಗುರುತು ಇದು. ಈ ಗುಂಪಿನ ಆಮ್ಲಗಳನ್ನೇ ಇಂದು ಸಂಯುಗ್ಮಿತ ಲಿನೋಲೆಯಿಕ್ ಆಮ್ಲ, ಚಿಕ್ಕದಾಗಿ ಸಿಎಲ್‌ಎ ಎನ್ನುತ್ತಾರೆ.

ಇದು ಹಾಲಿಗೆ ಬಂದದ್ದು ಹೇಗೆ? 1966ರಲ್ಲಿ ಅಮೆರಿಕದ ಕೆಪ್ಲರ್, ಟೋವ್ ಮತ್ತು ಸಂಗಡಿಗರು ಉತ್ತರದ ಒಂದು ಭಾಗವನ್ನು ಕೊಟ್ಟರು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಮೇವಿನ ಲಿನೋಲೆಯಿಕ್ ಆಮ್ಲಕ್ಕೆ ಹೈಡ್ರೊಜನ್ ಸೇರಿಸುವಾಗ ನಡುವಿನ ಹಂತದಲ್ಲಿ ಸಿಎಲ್‌ಎ ಹುಟ್ಟುತ್ತದೆ. ಉಳಿದ ಭಾಗ 2000ದಲ್ಲಿ ಸ್ಪಷ್ಟವಾಯಿತು. ಹೊಟ್ಟೆಯಿಂದ ಬಂದ ವ್ಯಾಕ್ಸೆನಿಕ್ ಆಮ್ಲವನ್ನು ಹಸುವಿನ ಕೆಚ್ಚಲೇ ಒಂದು ಕಿಣ್ವದ ನೆರವಿನಿಂದ ಸಿಎಲ್‌ಎ ಆಗಿ ಮಾರ್ಪಡಿಸುತ್ತದೆ ಎಂದು ಗ್ರಿನಾರಿ, ಬೌಮನ್ ಮತ್ತು ಸಂಗಡಿಗರು ತೋರಿಸಿದರು. ಹಾಲಿನ ಸಿಎಲ್‌ಎಯ ಬಹುಪಾಲು ಹೀಗೆಯೇ ತಯಾರಾಗುತ್ತದೆ. ಮೇವಿಗೆ ತಕ್ಕಂತೆ ಅದರ ಪ್ರಮಾಣ ಬದಲಾಗುತ್ತದೆ. 1999ರ ಅಮೆರಿಕದ ಒಂದು ಪ್ರಯೋಗದಲ್ಲಿ ಆಹಾರದ ಮೂರನೇ ಒಂದು ಭಾಗವನ್ನಷ್ಟೇ ಹುಲ್ಲುಗಾವಲಿನಿಂದ ಪಡೆದ ಹಸುಗಳ ಹಾಲಿನ ಕೊಬ್ಬಿನಲ್ಲಿ ಗ್ರಾಮಿಗೆ 8.9 ಮಿಲಿಗ್ರಾಂ ಇದ್ದರೆ, ಪೂರ್ತಿ ಹುಲ್ಲುಗಾವಲಿನಲ್ಲೇ ಮೇದವುಗಳಲ್ಲಿ 22.1 ಮಿಲಿಗ್ರಾಂ ಇತ್ತು.

ಕ್ಯಾನ್ಸರಿನ ನಂಟು

ವಿಚಿತ್ರವೆಂದರೆ, ಕ್ಯಾನ್ಸರಿನೊಂದಿಗೆ ಇದರ ನಂಟು ಬಯಲಾದದ್ದು ಹಾಲಿನಿಂದಲ್ಲ, ಹುರಿದ ಗೋಮಾಂಸದಿಂದ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮೈಕೆಲ್ ಪರಿಜಾ ಅದರಲ್ಲಿ ಕ್ಯಾನ್ಸರ್‌ಕಾರಕಗಳನ್ನು ಹುಡುಕುತ್ತಿದ್ದರು. ಸಿಕ್ಕದ್ದು ಅದನ್ನು ತಡೆಯುವ ವಸ್ತು! 1987ರಲ್ಲಿ ಅದು ಸಿಎಲ್‌ಎ ಎಂದು ಖಚಿತವಾಯಿತು. 1991ರಲ್ಲಿ ಬಫಲೊ ನಗರದ ಕ್ಲೆಮೆಂಟ್ ಇಪ್ ಇಲಿಗಳ ಆಹಾರದಲ್ಲಿ ಶೇಕಡಾ 0.5, 1 ಮತ್ತು 1.5ರಷ್ಟು ಸಿಎಲ್‌ಎ ಬೆರೆಸಿದರು. ಸ್ತನದ ಗಡ್ಡೆಗಳ ಸಂಖ್ಯೆ ಕ್ರಮವಾಗಿ ಶೇಕಡಾ 32, 56 ಮತ್ತು 60ರಷ್ಟು ತಗ್ಗಿತು.

ಅದೇ ವರ್ಷ ನಮ್ಮ ದೇಶದ ಅನೇಜಾ ಮತ್ತು ಮೂರ್ತಿ 'ನೇಚರ್' ಪತ್ರಿಕೆಯಲ್ಲಿ ತುಪ್ಪದ ಸಿಎಲ್‌ಎ ಬಗ್ಗೆ ಗಮನ ಸೆಳೆದರು. ಮುಂದೆ ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಯೋಗಗಳು ನಡೆದವು. ಈ ಸಂಸ್ಥೆಯ ಬೇರು ನಮ್ಮಲ್ಲೇ ಇದೆ. 1923ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 1955ರಲ್ಲಿ ಕರ್ನಾಲಿಗೆ ಹೋಯಿತು. 1927ರಲ್ಲಿ ಗಾಂಧೀಜಿ ಬೆಂಗಳೂರಿನ ಕೇಂದ್ರದಲ್ಲಿ ಪಶುಪಾಲನೆಯ ಪಾಠ ಕಲಿತದ್ದುಂಟು. 2011ರಲ್ಲಿ ಪ್ರಕಟವಾದ ಕರ್ನಾಲಿನ ಅಧ್ಯಯನದಲ್ಲಿ ಕ್ಯಾನ್ಸರ್‌ಕಾರಕ ಕೊಟ್ಟ ಇಲಿಗಳ ಪೈಕಿ ಸೋಯಾ ಎಣ್ಣೆ ತಿಂದವುಗಳಲ್ಲಿ ಶೇಕಡಾ 65.4ಕ್ಕೆ ಗಡ್ಡೆ ಬಂದರೆ, ಹಸುವಿನ ತುಪ್ಪ ತಿಂದವುಗಳಲ್ಲಿ ಶೇಕಡಾ 26.6ಕ್ಕೆ ಬಂತು.

ಲೆಕ್ಕ ಹಾಕಿ ನೋಡಿ

ಹಾಗಾದರೆ ತುಪ್ಪವೇ ಮದ್ದೇ? ಅವಸರ ಬೇಡ. ಲಿನೋಲೆಯಿಕ್ ಆಮ್ಲ ಹೇರಳವಾಗಿರುವ ಎಣ್ಣೆಗಳು ಇಲಿಗಳಲ್ಲಿ ಸ್ತನದ ಗಡ್ಡೆಗೆ ಉತ್ತೇಜನ ಕೊಡುತ್ತವೆಂಬುದು ಹಳೆಯ ತಿಳಿವಳಿಕೆ. ಸೋಯಾ ಎಣ್ಣೆ ಅಂಥದ್ದು. ಆದ್ದರಿಂದ ಈ ಹೋಲಿಕೆಯಲ್ಲಿ ತುಪ್ಪದ ಗುಣವೆಷ್ಟು, ಎಣ್ಣೆಯ ದೋಷವೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಇನ್ನು ಪ್ರಮಾಣದ ಮಾತು. ನೀವು ದಿನಕ್ಕೆ 500 ಗ್ರಾಂ ಒಣ ತೂಕದ ಆಹಾರ ತಿನ್ನುತ್ತೀರಿ ಎನ್ನೋಣ. ಇಪ್ ಕೊಟ್ಟ ಅತಿ ಕಡಿಮೆ ಪ್ರಮಾಣಕ್ಕೂ 2.5 ಗ್ರಾಂ ಸಿಎಲ್‌ಎ ಬೇಕು. ಗ್ರಾಮಿಗೆ 10 ಮಿಲಿಗ್ರಾಂ ಇರುವ ತುಪ್ಪವಾದರೆ ಅದು ಕಾಲು ಕಿಲೋ! ಅದರಿಂದ ಬರುವ ಶಕ್ತಿಯೇ 2,250 ಕಿಲೋಕ್ಯಾಲೊರಿ. ತುಪ್ಪದ ಸುಮಾರು ಅರ್ಧಕ್ಕಿಂತ ಹೆಚ್ಚು ಭಾಗ ಸಂತೃಪ್ತ ಮೇದಾಮ್ಲ ಎಂಬುದನ್ನು ಹೃದಯ ಮರೆಯುವುದಿಲ್ಲ.

ಮನುಷ್ಯರ ಮೇಲಿನ ಅಧ್ಯಯನಗಳೂ ಒಂದೇ ದಿಕ್ಕನ್ನು ತೋರಿಸುತ್ತಿಲ್ಲ. ಸ್ವೀಡನ್ನಿನ ಅರುವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ, ಹೆಚ್ಚು ಸಿಎಲ್‌ಎ ಸೇವಿಸಿದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಎಂದು 2005ರಲ್ಲಿ ವರದಿಯಾಯಿತು. 2009ರಲ್ಲಿ ಅದೇ ಅಧ್ಯಯನವು ಸ್ತನ ಕ್ಯಾನ್ಸರಿಗೂ ಸಿಎಲ್‌ಎಗೂ ನಂಟು ಕಾಣಲಿಲ್ಲ. ಹಾಲಿನ ಪದಾರ್ಥಗಳು ದೊಡ್ಡ ಕರುಳಿನ ಕ್ಯಾನ್ಸರನ್ನು ತಗ್ಗಿಸುವ ಸಂಭವವಿದೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2018ರಲ್ಲಿ ಒಪ್ಪಿತು. ಆದರೆ ಅದರ ಶ್ರೇಯಸ್ಸು ಹೆಚ್ಚಾಗಿ ಕ್ಯಾಲ್ಸಿಯಮ್ಮಿಗೆ ಸಂದಿದೆ. ಅದು ಮಜ್ಜಿಗೆಯಲ್ಲಿದೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಆದ್ದರಿಂದ ಓದುಗರೇ, ಬಿಸಿ ಮುದ್ದೆಯ ಮೇಲೆ ಒಂದು ಚಮಚ ತುಪ್ಪ ಸವಿಯಿರಿ, ರುಚಿಗಾಗಿ. ಆದರೆ ಬಾಯಿಯಲ್ಲಿ ಮಾಯದ ಹುಣ್ಣು, ಸ್ತನದಲ್ಲಿ ಗಂಟು ಕಂಡಾಗ ಯಾರಾದರೂ ತುಪ್ಪದ ಮದ್ದು ಹೇಳಿದರೆ ಕಾಯಬೇಡಿ, ವೈದ್ಯರ ಬಳಿ ಹೋಗಿ. ಹೊಗೆಸೊಪ್ಪು ಬಿಟ್ಟವರಿಗೆ ಸಿಗುವ ರಕ್ಷಣೆಯನ್ನು ಯಾವ ಹಸುವಿನ ತುಪ್ಪವೂ ಕೊಡಲಾರದು.