ಮೂಡಲ ಬಾಗಿಲಿಗೆ ಬಂದ ನಾಣ್ಯಗಳು

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ರಾಜ್ಯದ ಪೂರ್ವದ ಎಲ್ಲೆಯಾಗಿ ಹೆಸರಿಸುವುದು ನಮ್ಮ ನಂಗಲಿಯನ್ನೇ. ಇಂದಿಗೂ ನಂಗಲಿ ದಾಟಿದರೆ ಆಂಧ್ರ, ಶ್ರೀನಿವಾಸಪುರ ದಾಟಿದರೆ ಮದನಪಲ್ಲಿಯ ದಾರಿ, ಮಾಲೂರು ದಾಟಿದರೆ ಹೊಸೂರು. ತಿರುಪತಿಯ ಯಾತ್ರಿಕರು, ವ್ಯಾಪಾರಿಗಳು, ದಂಡಿನವರು ಎಲ್ಲರೂ ಈ ಸೀಮೆಯಲ್ಲೇ ಹಾದುಹೋದರು. ಅವರೊಂದಿಗೆ ಪರರಾಜ್ಯದ ನಾಣ್ಯಗಳೂ ನಮ್ಮ ಸಂತೆಗೆ ಬಂದವು.

ಕೋಲಾರ ಸೀಮೆ ವಿಜಯನಗರದ ನಂತರ ಬಿಜಾಪುರದ ಕೆಳಗೆ ಷಹಾಜಿಯ ಜಹಗೀರಾಯಿತು. 1687ರ ತರುವಾಯ ಮೊಗಲರ ಶಿರಾ ಸುಬೆಗೆ ಸೇರಿತು. ಮುಂದೆ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಕೈಸೇರಿತು. ಅರಸರು ಹೋದರೂ ಅವರ ನಾಣ್ಯ ಹೋಗಲಿಲ್ಲ. ಮೈಸೂರಿನ ಕಂಠೀರವ ನರಸರಾಜರ ಚಿನ್ನದ ಹಣ ಕಡಲೆಬೇಳೆಯಷ್ಟೇ ಅಗಲ. ಹೈದರನ ವರಹದಲ್ಲಿ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ಅವನ ಹೆಸರಿನ ಪಾರಸಿ ಅಕ್ಷರ. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ. ಮದರಾಸಿನ ಕಂಪನಿಯ ವರಹದಲ್ಲಿ ನಕ್ಷತ್ರ.

ಇಷ್ಟು ಬಗೆಯ ನಾಣ್ಯಗಳಿದ್ದಾಗ ಬೆಲೆ ಕಟ್ಟುವವನು ಚಿನಿವಾರ. ಅವನು ತೂಗಿ, ಉಜ್ಜಿ ನೋಡಿ, ಸವೆದಿದ್ದರೆ ವಟ್ಟ ಮುರಿದುಕೊಳ್ಳುತ್ತಿದ್ದ. ಚಿನ್ನದ ಹಣಕ್ಕೆ ಎಷ್ಟು ತಾಮ್ರದ ದುಡ್ಡು ಎಂಬುದೂ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ರಾಗಿ ಮಾರಿ ಚಿಲ್ಲರೆ ಕಾಸು ಪಡೆದ ರೈತನಿಗೆ ಕಂದಾಯ ಕಟ್ಟುವ ಹೊತ್ತಿಗೆ ಅದರಲ್ಲೊಂದು ಪಾಲು ಕರಗಿರುತ್ತಿತ್ತು. ಗಡಿಯ ಬಡವ ತೆತ್ತ ಈ ಸುಂಕ ಯಾವ ಶಾಸನದಲ್ಲೂ ಇಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ಟಂಕಸಾಲೆ 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿತು. ಅನಂತರ ಕಂಪನಿಯ ರೂಪಾಯಿಯೇ ಎಲ್ಲೆಡೆ ನಡೆಯಿತು. ಗಡಿಯ ಎರಡೂ ಕಡೆ ಒಂದೇ ನಾಣ್ಯವಾದದ್ದು ರೈತನಿಗೆ ಅನುಕೂಲವೇ. ಆದರೆ ನಮ್ಮದೇ ಟಂಕಸಾಲೆ ಇಲ್ಲವಾಯಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಹಳೆಯ ಲೆಕ್ಕದ ತೊಡಕು ಮತ್ತೊಮ್ಮೆ ಕಾಣಿಸಿತು. ಒಂದಾಣೆಗೆ ಆರು ಪೈಸೆಯಂತೆ ಹದಿನಾರು ಆಣೆ ಕೊಟ್ಟವನಿಗೆ ತೊಂಬತ್ತಾರೇ ಪೈಸೆ! ನಾಲ್ಕು ಪೈಸೆ ಎಲ್ಲಿ ಹೋಯಿತೆಂದು ಕೇಳಿದವರು ನಮ್ಮ ಹಿರಿಯರಲ್ಲಿ ಇನ್ನೂ ಇದ್ದಾರೆ.

ಆ ನಾಣ್ಯಗಳು ಚಲಾವಣೆ ತಪ್ಪಿದರೂ ಮಾತಿನಲ್ಲಿ ಉಳಿದಿವೆ. ನಮ್ಮ ಹಣವೇ ತಮಿಳರ ಪಣಂ. ಕಾಸು ಇಬ್ಬರಿಗೂ ಸೇರಿದ್ದು. ನಮ್ಮ ಶಾಲೆಯ ಮಕ್ಕಳು ಈ ಎಲ್ಲ ಮಾತುಗಳನ್ನೂ ಬಲ್ಲವರು.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥ ಕಾಸಿದ್ದರೆ ದಯವಿಟ್ಟು ಕರಗಿಸಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಶಾಲೆಗೆ ತಂದು ಮಕ್ಕಳಿಗೆ ತೋರಿಸಿ. ಹೊಲ ಉಳುವಾಗ ನಿಧಿ ಸಿಕ್ಕರೆ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಿ. ನಮ್ಮೂರಿನ ಚರಿತ್ರೆಯ ಒಂದು ಪುಟ ಆ ಸವೆದ ಕಾಸಿನಲ್ಲೇ ಇರಬಹುದು.