ಚೀನಾದ ಆನಂದ ಮರ, ನಮ್ಮ ದುರ್ವಾಸನೆ ಮರ

ಹೋದ ಸಲ ತು ಯೂಯೂ ಅವರ ಮಲೇರಿಯಾ ಔಷಧಿ ಬಗ್ಗೆ ಮಾತಾಡಿದ್ದೆ. ನಾಲ್ಕನೇ ಶತಮಾನದ ಗೆ ಹಾಂಗ್ ಅನ್ನೋ ಚೀನೀ ವೈದ್ಯ ಒಂದು ಸೊಪ್ಪನ್ನ ಕುದಿಸದೆ, ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಬರೆದಿಟ್ಟಿದ್ದ. ಆ ಸುಳಿವು ಹಿಡಿದು ತು ಯೂಯೂ ಕಡಿಮೆ ಶಾಖದಲ್ಲಿ ಸಾರ ತೆಗೆದರು, 2015ರಲ್ಲಿ ನೊಬೆಲ್ ಬಂತು. ಅದನ್ನ ಕೇಳಿದ ಮೇಲೆ ನಮ್ಮ ಐರೋಲಿ ಕನ್ನಡ ಗೆಳೆಯರೊಬ್ಬರು, 'ಅಂಥದ್ದು ನಮ್ಮ ಸಹ್ಯಾದ್ರಿಯಲ್ಲಿ ಇಲ್ವೇನ್ರೀ?' ಅಂದ್ರು.

ಇದೆ. ಆದ್ರೆ ಅದರ ಕಥೆ ಹಳೇ ಗ್ರಂಥದಿಂದ ಶುರುವಾಗಲ್ಲ.

ಚೀನಾದಲ್ಲಿ 'ಶಿ ಶು' ಅನ್ನೋ ಮರವಿದೆ, ಅಂದ್ರೆ ಆನಂದದ ಮರ. ಸಸ್ಯಶಾಸ್ತ್ರದ ಹೆಸರು ಕ್ಯಾಂಪ್ಟೋಥೆಕಾ ಅಕ್ಯುಮಿನಾಟ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲಿ ಮನ್ರೋ ವಾಲ್ ಅನ್ನೋ ರಸಾಯನಶಾಸ್ತ್ರಜ್ಞರು ಕಾರ್ಟಿಸೋನ್ ತಯಾರಿಕೆಗೆ ಬೇಕಾದ ಕಚ್ಚಾವಸ್ತುವಿಗಾಗಿ ಸಾವಿರಾರು ಗಿಡಗಳನ್ನ ಜಾಲಾಡ್ತಿದ್ದರು. ಅದರಲ್ಲಿ ಒಂದು ಸಾವಿರದಷ್ಟು ಗಿಡಗಳ ಸಾರವನ್ನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊನಾಥನ್ ಹಾರ್ಟ್‌ವೆಲ್ ಅವರಿಗೂ ಕಳಿಸಿದರು. ಅಷ್ಟರಲ್ಲಿ ಗಟ್ಟಿಯಾಗಿ ಕೆಲಸ ಮಾಡಿದ್ದು ಈ ಆನಂದದ ಮರದ ಸಾರ. ಒಂದು ಹುಡುಕಾಟದ ಡೇಟಾದಲ್ಲಿ ಇನ್ನೊಂದಕ್ಕೆ ಉತ್ತರ ಸಿಕ್ಕಿತು. ನಮ್ಮ ಕೆಲಸದಲ್ಲೂ ಹೀಗಾಗುತ್ತೆ, ಆದ್ರೆ ನಾವು ಟಿಕೆಟ್ ಮುಚ್ಚಿ ಮನೆಗೆ ಹೋಗ್ತೀವಿ. ವಾಲ್ ಮುಚ್ಚಲಿಲ್ಲ. ಉತ್ತರ ಕ್ಯಾರೊಲಿನಾಕ್ಕೆ ಹೋದ ಮೇಲೂ ಅದರ ಹಿಂದೆ ಬಿದ್ದರು. ಅಲ್ಲಿ ಅವರ ಜೊತೆಯಾದವರು ಮನಸುಖ್ ವಾಣಿ. ಇವರು ಮಹಾರಾಷ್ಟ್ರದ ನಂದೂರಬಾರ್‌ನಲ್ಲಿ ಹುಟ್ಟಿ, ಬಾಂಬೆ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿ ಅಮೆರಿಕಕ್ಕೆ ಹೋದವರು. ನಮಗಿಂತ ಎರಡು ತಲೆಮಾರು ಮುಂಚಿನ ವಲಸೆಗಾರ ಅನ್ನಿ. 1966ರಲ್ಲಿ ಈ ತಂಡ ಆ ಮರದ ಔಷಧಿ ಅಂಶ ಬೇರ್ಪಡಿಸಿ ಪ್ರಕಟಿಸಿತು: ಕ್ಯಾಂಪ್ಟೋಥೆಸಿನ್.

ಈಗ ನಮ್ಮ ಪಕ್ಕಕ್ಕೆ ಬನ್ನಿ. ಐರೋಲಿ ಸೇತುವೆ ದಾಟಿ ಮುಲುಂಡ್, ಕಾಡಿನ ಆಚೆ ಗೋರೆಗಾಂವ್. ಅಲ್ಲಿ 1963ರಿಂದ ಸೀಬಾ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅದರ ಮುಖ್ಯಸ್ಥರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಂದ ಟಿ. ಆರ್. ಗೋವಿಂದಾಚಾರಿ. ಅವರು ಮತ್ತು ವಿಶ್ವನಾಥನ್ ಪಶ್ಚಿಮಘಟ್ಟದ ಒಂದು ಸಣ್ಣ ಮರವನ್ನ ಪರೀಕ್ಷಿಸಿ, ಅದೇ ಕ್ಯಾಂಪ್ಟೋಥೆಸಿನ್ ಇದರಲ್ಲೂ ಇದೆ ಅಂತ 1972ರಲ್ಲಿ ಪ್ರಕಟಿಸಿದರು. ಎರಡು ಮರಗಳಿಗೂ ಸಸ್ಯಕುಲದಲ್ಲಿ ಹತ್ತಿರದ ಸಂಬಂಧವೇ ಇಲ್ಲ!

ಆ ಮರ ಮಲೆನಾಡಿನವರಿಗೆ ದುರ್ವಾಸನೆ ಮರ, ಮರಾಠಿಯಲ್ಲಿ ನರಕ್ಯಾ. ಹೂವಿನ ನಾತಕ್ಕೆ ಬಂದ ಹೆಸರು. ಹಳೇ ಲ್ಯಾಟಿನ್ ಹೆಸರು ಮ್ಯಾಪಿಯಾ ಫೀಟಿಡಾದಲ್ಲೂ ನಾತವೇ ಇದೆ. ಈಗ ನೋಥಪೋಡೈಟಿಸ್ ನಿಮ್ಮೋನಿಯಾನ ಅಂತಾರೆ. ಅದೇ ವಸ್ತು ಇರೋ ಮರ ಅಲ್ಲಿ ಆನಂದ, ಇಲ್ಲಿ ನರಕ. ಕೆಲವು ನರಕ್ಯಾ ಮರಗಳಲ್ಲಿ ಒಣ ತೂಕದ ಶೇ. 0.3ರಷ್ಟು ಕ್ಯಾಂಪ್ಟೋಥೆಸಿನ್ ಸಿಕ್ಕಿದೆ, ಚೀನಾದ ಮರದ ತೊಗಟೆಗಿಂತ ಎಷ್ಟೋ ಹೆಚ್ಚು. ಲೆಕ್ಕ ಹಾಕಿ: ಆ ಪ್ರಮಾಣದಲ್ಲಿ ಒಂದು ಟನ್ ಒಣ ಮಾಲಿಗೆ ಮೂರು ಕಿಲೋ.

ಇದು ನನಗೆ ಬರೀ ಇತಿಹಾಸ ಅಲ್ಲ. ನಮ್ಮ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಚಿಕಿತ್ಸೆಗೆ ಅಂತ ನನ್ನ ಮನೆಯಲ್ಲೇ ಇದ್ದರು. ಔಷಧಿ ಚೀಟಿಯಲ್ಲಿ ಇರಿನೋಟೆಕಾನ್ ಅಂತಿತ್ತು. ಅದು ಕ್ಯಾಂಪ್ಟೋಥೆಸಿನ್‌ನ ಮಗಳು ಅಂತ ನಾನು ಉತ್ಸಾಹದಲ್ಲಿ ಊರಿಗೆ ಹೇಳಿದೆ. ಮರುದಿನವೇ ಚಿಕ್ಕಪ್ಪನ ಫೋನು: 'ಹಂಗಾರೆ ಅದೇ ಮರ ನಮ್ಮ ಬೆಟ್ಟದಲ್ಲೇ ಇದ್ಯಲ, ತೊಗಟೆ ಕಷಾಯ ಮಾಡಿ ಕಳಸ್ಲನಾ?'

ಬೇಡವೇ ಬೇಡ ಅಂದೆ. ಕಾರಣ ಇತಿಹಾಸದಲ್ಲೇ ಇದೆ. ಕ್ಯಾಂಪ್ಟೋಥೆಸಿನ್ ನೀರಲ್ಲಿ ಕರಗಲ್ಲ. ಅದಕ್ಕೇ ಅದರ ಸೋಡಿಯಂ ಲವಣ ಮಾಡಿ 1970ರ ಸುಮಾರಿಗೆ ರೋಗಿಗಳಿಗೆ ಕೊಟ್ಟರು. ಮೂತ್ರಕೋಶದಲ್ಲಿ ರಕ್ತಸ್ರಾವ, ವಿಪರೀತ ಭೇದಿ, ರಕ್ತಕಣಗಳ ಕುಸಿತ. ಪ್ರಯೋಗ ನಿಲ್ಲಿಸಬೇಕಾಯ್ತು, ವರ್ಷಾನುಗಟ್ಟಲೆ ಯಾರೂ ಮುಟ್ಟಲಿಲ್ಲ. ಶುದ್ಧ ಮಾಡಿ, ಅಳೆದು, ವೈದ್ಯರ ಕಣ್ಣೆದುರು ಕೊಟ್ಟಾಗಲೇ ಹೀಗಾದರೆ ಎಷ್ಟಿದೆ ಅಂತ ಗೊತ್ತಿಲ್ಲದ ಕಷಾಯದ ಗತಿ ಏನು?

ಜೀವ ಬಂದಿದ್ದು 1985ರಲ್ಲಿ, ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದಾಗ. ನಮ್ಮ ಡಿಎನ್‌ಎ ನಕಲಾಗುವಾಗ ಹುರಿ ಬಿಗಿಯಾಗುತ್ತೆ. ಟೊಪೊಐಸೊಮರೇಸ್ ಅನ್ನೋ ಕಿಣ್ವ ಒಂದು ಎಳೆ ಕತ್ತರಿಸಿ, ಸಡಿಲಿಸಿ, ಮತ್ತೆ ಬೆಸೆಯುತ್ತೆ. ಕ್ಯಾಂಪ್ಟೋಥೆಸಿನ್ ಬೆಸೆಯೋ ಹಂತದಲ್ಲಿ ಅಡ್ಡ ಕೂರುತ್ತೆ. ಲಾಕ್ ಹಿಡಿದ ಥ್ರೆಡ್ ಬಿಡದೇ ಇದ್ದರೆ ಸಿಸ್ಟಮ್ ಏನಾಗುತ್ತೋ ಅದೇ. ಬೇಗ ಬೇಗ ವಿಭಜನೆ ಆಗೋ ಜೀವಕೋಶ ಮೊದಲು ಸಾಯುತ್ತೆ. ಕೂದಲು, ಕರುಳಿನ ಒಳಪದರವೂ ಪೆಟ್ಟು ತಿನ್ನೋದು ಇದಕ್ಕೇ. ಅಣುವನ್ನ ತಿದ್ದಿ ನೀರಲ್ಲಿ ಕರಗೋ ರೂಪಗಳನ್ನೂ ಮಾಡಿದರು. ಇರಿನೋಟೆಕಾನ್ ಹುಟ್ಟಿದ್ದು ಜಪಾನಿನ ಯಾಕುಲ್ಟ್ ಕಂಪನಿಯಲ್ಲಿ. ಹೌದು, ಅಂಗಡಿ ಫ್ರಿಜ್ಜಿನ ಪುಟ್ಟ ಬಾಟಲಿಯ ಅದೇ ಯಾಕುಲ್ಟ್. 1996ರಲ್ಲಿ ಅಮೆರಿಕ ಟೊಪೊಟೆಕಾನ್, ಇರಿನೋಟೆಕಾನ್ ಎರಡಕ್ಕೂ ಒಪ್ಪಿಗೆ ಕೊಟ್ಟಿತು.

ಒಪ್ಪಿಗೆ ಸಿಕ್ಕಿದ್ದು ಅಲ್ಲಿ, ಕೊಡಲಿ ಬಿದ್ದಿದ್ದು ಇಲ್ಲಿ. ಈ ಔಷಧಿಗಳ ಮೂಲವಸ್ತು ಬಹುಪಾಲು ಮರದಿಂದಲೇ ಬರಬೇಕು. 1990ರ ದಶಕದಲ್ಲಿ ಮಹಾರಾಷ್ಟ್ರ, ಕರ್ನಾಟಕದ ಘಟ್ಟಗಳಿಂದ ನರಕ್ಯಾ ಲೋಡುಗಟ್ಟಲೆ ಇಳಿಯಿತು, ಜಪಾನ್ ಸೇರಿ ಹೊರದೇಶಗಳಿಗೂ ಹೋಯಿತು. ಎಲೆ ಕೊಯ್ದರೆ ಸಾಲದು. ಕಾಂಡ, ಬೇರು ಬೇಕು, ಅಂದ್ರೆ ಮರ ಉಳಿಯಲ್ಲ. ಕಡಿದವರಿಗೆ ಸಿಕ್ಕಿದ್ದು ಸೌದೆ ಲೆಕ್ಕದ ಕೂಲಿ. ಈಗ ಅದು ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ. ಇದರಲ್ಲಿ ಖಳನಾಯಕ ಯಾರು ಅಂತ ಬೆರಳು ತೋರಿಸೋದು ನನಗೆ ಕಷ್ಟ. ದೊಡ್ಡಪ್ಪನ ಕೈಗೆ ಹತ್ತಿದ ಆ ಡ್ರಿಪ್ಪಿನ ಹಿಂದೆಯೂ ಎಲ್ಲೋ ಒಂದು ಮರ ಬಿದ್ದಿರಬೇಕಲ್ಲ.

ಬೆಂಗಳೂರಿನ ಜಿಕೆವಿಕೆಯಲ್ಲಿ ಆರ್. ಉಮಾಶಂಕರ್ ಅವರ ತಂಡ ಘಟ್ಟದುದ್ದಕ್ಕೂ ಹೆಚ್ಚು ಇಳುವರಿಯ ಮರಗಳನ್ನ ಹುಡುಕಿತು, ಬೆಳೆಸೋದಾದರೆ ಅಂಥವನ್ನೇ ಬೆಳೆಸಲಿ ಅಂತ. ಇನ್ನೊಂದು ದಾರಿಯೂ ಕಾಣಿಸಿತು. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಈ ಮರದೊಳಗೇ ವಾಸಿಸೋ ಒಂದು ಶಿಲೀಂಧ್ರ ತಾನೇ ಕ್ಯಾಂಪ್ಟೋಥೆಸಿನ್ ಮಾಡುತ್ತೆ ಅಂದ್ರು. ಫ್ಲಾಸ್ಕಿನಲ್ಲಿ ಬೂಷ್ಟು ಬೆಳೆಸಿದರೆ ಮರ ಕಡಿಯೋದೇ ಬೇಡ ಅಂತ ಆಸೆ ಹುಟ್ಟಿತು. ಬೆಂಗಳೂರಿನ ತಂಡವೂ ಅಂಥ ಶಿಲೀಂಧ್ರಗಳನ್ನ ಬೇರ್ಪಡಿಸಿತು. ಆದ್ರೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋದ ಹಾಗೆ ಇಳುವರಿ ಕುಸಿಯುತ್ತೆ ಅಂತ 2010ರಲ್ಲಿ ವರದಿ ಮಾಡಿದರು. ಮರದಿಂದ ದೂರವಾದ ಬೂಷ್ಟು ತಲೆಮಾರು ಕಳೆದಂತೆ ಆ ವಿದ್ಯೆಯನ್ನ ಮರೆಯುತ್ತೆ.